ಹೊರೆ ಒಬ್ಬರದು, ಹೊಣೆ ಯಾರದು?

ಬೈಯಪ್ಪನಹಳ್ಳಿಯ ಮೆಟ್ರೋ ನಿಲ್ದಾಣದ ಬಳಿ ಕಾಲು ಗಂಟೆ ನಿಂತು ನೋಡುವ ವಾಚಕರಿಗೆ, ಬೆನ್ನ ಮೇಲೆ ದೊಡ್ಡ ಚೀಲ ಹೊತ್ತು ಸ್ಕೂಟರುಗಳಲ್ಲಿ ಧಾವಿಸುವ ತರುಣರು ಕಾಣದೆ ಇರರು. ಆ ಚೀಲದೊಳಗಿನ ಸರಕನ್ನು ತಯಾರಿಸಿದವನೊಬ್ಬ, ಮಾರಿದವನೊಬ್ಬ, ಉಗ್ರಾಣದಲ್ಲಿರಿಸಿದವನೊಬ್ಬ, ಮನೆ ಮುಟ್ಟಿಸುವವನು ಇನ್ನೊಬ್ಬ. ಈ ಏರ್ಪಾಟಿನ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ತಿಳಿಸುವುದು ಉಚಿತವೆಂದು ಭಾವಿಸುತ್ತೇವೆ.

ಬಾಡಿಗೆಗೆ ಸರಕು ಸಾಗಿಸುವ ಕಸಬು ಹೊಸದಲ್ಲ. 1864ರಲ್ಲಿ ಜೋಲಾರಪೇಟೆಯಿಂದ ಇದೇ ಸೀಮೆಯನ್ನು ಹಾದು ರೈಲು ದಂಡಿಗೆ ಬಂದಿತು. ಮರುವರ್ಷವೇ, ರಸ್ತೆ ಮತ್ತು ಒಳನಾಡಿನ ಜಲಮಾರ್ಗಗಳಲ್ಲಿ ಸರಕು ಒಯ್ಯುವವರ ಹೊಣೆಯನ್ನು ಗೊತ್ತುಮಾಡುವ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿತು. ಸರಕು ನಷ್ಟವಾದರೆ ಒಯ್ದವನ ಅಲಕ್ಷ್ಯವನ್ನು ಅದರ ಯಜಮಾನನು ರುಜುವಾತುಪಡಿಸಬೇಕಾದುದಿಲ್ಲವೆಂದು ಅದು ವಿಧಿಸಿತು. 2007ರ ರಸ್ತೆ ಸಾಗಣೆಯ ಕಾನೂನು ಅದರ ಸ್ಥಾನಕ್ಕೆ ಬಂದರೂ ಈ ತತ್ತ್ವವು ಉಳಿದಿದೆ.

ಆದರೆ ಕಸಬಿನ ಸ್ವರೂಪವು ಈಗ ಬೇರೆಯಾಗಿದೆ. 2017ರ ಜುಲೈ 1ಕ್ಕೆ ಮುಂಚೆ ಮಾರಾಟ ತೆರಿಗೆಯ ತೊಡಕಿಗಾಗಿ ದೊಡ್ಡ ಕಂಪೆನಿಗಳು ರಾಜ್ಯಕ್ಕೊಂದರಂತೆ ಗೋದಾಮುಗಳನ್ನು ಇಟ್ಟುಕೊಳ್ಳುತ್ತಿದ್ದುವು. ಜಿಎಸ್‌ಟಿ ಬಂದ ಮೇಲೆ ಕೆಲವೇ ದೊಡ್ಡ ಉಗ್ರಾಣಗಳು ಸಾಕಾದುವು. ಅವುಗಳ ಆಡಳಿತವನ್ನು ಹೊರಗಿನ ಸಾಗಣೆ ಕಂಪೆನಿಗಳಿಗೆ ಒಪ್ಪಿಸುವುದು ಸುಲಭವಾಯಿತು. ದಾಸ್ತಾನನ್ನು ಎಣಿಸುವುದು, ಕಟ್ಟು ಕಟ್ಟುವುದು, ಹಣ ವಸೂಲುಮಾಡುವುದು, ಬೇಡವಾದುದನ್ನು ಹಿಂದಕ್ಕೆ ತರುವುದು, ಎಲ್ಲವೂ ಅವರ ಕೈಸೇರಿದೆ. ತನ್ನ ಸರಕು ಎಷ್ಟು ಉಳಿದಿದೆಯೆಂಬುದನ್ನು ಮಾರುವವನೇ ಅವರನ್ನು ಕೇಳಿ ತಿಳಿಯಬೇಕಾಗಿದೆ.

ಇದರಿಂದ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಸ್ವಂತ ಲಾರಿಯಾಗಲಿ ಗೋದಾಮಾಗಲಿ ಇಲ್ಲದ ಇಳಕಲ್ಲಿನ ನೇಕಾರನು ದೂರದ ಊರಿನ ಗಿರಾಕಿಗೆ ಸೀರೆಯನ್ನು ಕಳುಹಿಸಬಲ್ಲನು. ಇದು ಸಾಮಾನ್ಯವಾದ ಅನುಕೂಲವಲ್ಲ.

ಆದರೆ ಕೆಲಸವು ಕೈಯಿಂದ ಕೈಗೆ ದಾಟಿದಂತೆಲ್ಲ ಹೊಣೆಯೂ ಜಾರುತ್ತ ಹೋಗುತ್ತದೆ. ಮಾರಿದವನು ಸಾಗಿಸುವವನನ್ನು ತೋರಿಸುತ್ತಾನೆ. ಅವನು ತನ್ನ ಗುತ್ತಿಗೆದಾರನನ್ನು. ಗುತ್ತಿಗೆದಾರನು ಸ್ಕೂಟರಿನ ತರುಣನನ್ನು. ಅವನಿಗೆ ತೋರಿಸಲು ಯಾರೂ ಇಲ್ಲ. ಮಳೆಯಲ್ಲಿ ಬಿದ್ದು ಕಾಲು ಮುರಿದರೆ ಆ ದಿನದ ಸಂಪಾದನೆಯೂ ಅವನಿಗಿಲ್ಲ.

ಕರ್ನಾಟಕವು 2025ರಲ್ಲಿ ಇಂಥ ಕೆಲಸಗಾರರಿಗಾಗಿ ಕಾನೂನು ಮಾಡಿದುದು ಶ್ಲಾಘನೀಯ. ಅವರಿಗೆ ಸಲ್ಲುವ ಪ್ರತಿಯೊಂದು ಪಾವತಿಯ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಗಳು ತೆರಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದು 14 ದಿನಗಳ ಮುಂಚೆ ತಿಳಿಸಬೇಕು. ಕಾನೂನು ಕಾಗದದ ಮೇಲೆ ಉಳಿಯದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ.

ವರ್ತಕ ಮಹಾಶಯರಿಗೂ ನಮ್ಮದೊಂದು ಬಿನ್ನಹವಿದೆ. ಸಾಗಣೆಯ ಗುತ್ತಿಗೆಯನ್ನು ಬರೆಯುವಾಗ ದರವನ್ನು ಮಾತ್ರ ನೋಡದೆ, ಸರಕು ಹಾಳಾದರೆ ಯಾರು ತೆರಬೇಕು, ಹೊತ್ತವನು ಬಿದ್ದರೆ ಯಾರು ನೋಡಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರವನ್ನೂ ಬರೆಯಿಸಿರಿ. ಹೊರೆಯನ್ನು ಪರರ ಬೆನ್ನಿಗೆ ಏರಿಸಬಹುದು. ಹೊಣೆಯನ್ನು ಹಾಗೆ ಏರಿಸಿ ಕೈತೊಳೆದುಕೊಳ್ಳುವುದು ವ್ಯಾಪಾರ ಧರ್ಮವಲ್ಲ.