ಮೌಂಟು ಸತ್ತರೆ ಲೆನ್ಸು ಅಗ್ಗ

1987ರಲ್ಲಿ ಕ್ಯಾನನ್ ಕಂಪನಿ ಇಒಎಸ್ ಎಂಬ ಆಟೋಫೋಕಸ್ ಕ್ಯಾಮೆರಾ ತಂದಾಗ ಅದರ ಹಳೇ ಗಿರಾಕಿಗಳು ಕೈಕೈ ಹಿಸುಕಿಕೊಂಡರು. 1971ರಿಂದ ದುಡ್ಡು ಸುರಿದು ಕೂಡಿಹಾಕಿದ್ದ ಎಫ್‌ಡಿ ಲೆನ್ಸುಗಳಲ್ಲಿ ಒಂದೂ ಹೊಸ ಕ್ಯಾಮೆರಾಕ್ಕೆ ಕೂರುತ್ತಿರಲಿಲ್ಲ. ಗಾಜು ಕೆಟ್ಟಿರಲಿಲ್ಲ, ಚಿತ್ರದ ಗುಣವೂ ತಗ್ಗಿರಲಿಲ್ಲ. ಆದರೆ ಅದನ್ನು ಹಾಕಿಕೊಳ್ಳಲು ಮುಂದೆ ಹೊಸ ಕ್ಯಾಮೆರಾ ಬರುವುದಿಲ್ಲ ಎಂದಾದ ಮೇಲೆ ಕೊಳ್ಳುವವರು ಎಲ್ಲಿಂದ ಬರಬೇಕು? ಹಳೇ ಲೆನ್ಸಿನ ಬೆಲೆ ಗಾಜಿನ ಮೇಲೆ ಎಷ್ಟು ನಿಂತಿದೆಯೋ ಅಷ್ಟೇ ಅದರ ಹಿಂಬದಿಯ ಲೋಹದ ಬಳೆಯ ಮೇಲೂ ನಿಂತಿದೆ. ಆ ಬಳೆಯೇ ಮೌಂಟು.

ಹೀಗೆ ಮೂಲೆ ಸೇರಿದ್ದ ಲೆನ್ಸುಗಳಿಗೆ ಮರುಜೀವ ಕೊಟ್ಟದ್ದು ಡಿಜಿಟಲ್ ಕ್ಯಾಮೆರಾವೇ ಎಂಬುದು ತಮಾಷೆ. 2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂತು. ಒಳಗಿನ ಕನ್ನಡಿಯೇ ಇಲ್ಲದ ಇಂಥ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವಿನ ದೂರ ಬಹಳ ಕಡಿಮೆ. ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ತೂರಿಸಿದರೆ ಯಾವ ಕಾಲದ ಲೆನ್ಸಾದರೂ ಕೆಲಸ ಮಾಡುತ್ತದೆ. ಎಫ್/1.4, ಎಫ್/1.2ರಂಥ ಹೆಚ್ಚು ಬೆಳಕು ಹಿಡಿಯುವ ಲೆನ್ಸುಗಳನ್ನು ಡಿಜಿಟಲ್‌ನವರು ಬಾಚಿಕೊಂಡರು, ದರ ಏರಿತು.

ಹಾಗಾದರೆ ಫಿಲ್ಮ್ ಹಾಕುವವರಿಗೆ ಉಳಿದದ್ದೇನು? ಡಿಜಿಟಲ್‌ನವರು ಮುಟ್ಟದ್ದು. ಎಪ್ಪತ್ತರ ದಶಕದ ಹವ್ಯಾಸಿಯ ಚೀಲದಲ್ಲಿ ಸಾಮಾನ್ಯವಾಗಿ 28, 50, 135 ಎಂಎಂನ ಮೂರು ಲೆನ್ಸು ಇರುತ್ತಿದ್ದವು. ಆಮೇಲೆ ಜೂಮ್ ಲೆನ್ಸುಗಳು ಬಂದು ಆ ಮೂರನ್ನೂ ಬೀರುವಿಗೆ ತಳ್ಳಿದವು. ಅವುಗಳಲ್ಲಿ 135 ಎಂಎಂ ಎಫ್/2.8 ಇವತ್ತಿಗೂ ಪೇಟೆಯ ಅತಿ ಅಗ್ಗದ ಸರಕುಗಳಲ್ಲೊಂದು. ಮುಖಚಿತ್ರಕ್ಕೆ ಅದು ಹೇಳಿ ಮಾಡಿಸಿದಂತಿದೆ. 50 ಎಂಎಂ ಬೇಕೆನ್ನುವವರು ಎಫ್/1.4ರ ಹಿಂದೆ ಬೀಳುವ ಬದಲು ಎಫ್/2 ನೋಡಬಹುದು. ವ್ಯತ್ಯಾಸ ಒಂದೇ ಒಂದು ಸ್ಟಾಪ್, ದರದಲ್ಲಿ ಮಾತ್ರ ಅಜಗಜಾಂತರ.

ಈ ಲೆಕ್ಕದಲ್ಲಿ ಪೆಂಟಾಕ್ಸ್‌ನ ಕೆ ಮೌಂಟಿನವರು ಅದೃಷ್ಟವಂತರು. 1975ರಲ್ಲಿ ಬಂದ ಈ ಮೌಂಟನ್ನು ರಿಕೋ, ಕೊಸಿನಾ, ಚಿನಾನ್‌ಗಳೂ ಬಳಸಿದವು. 1976ರಿಂದ 1997ರವರೆಗೆ ತಯಾರಾದ ಕೆ1000 ಎಂಬ ಗಟ್ಟಿಮುಟ್ಟಾದ ಕ್ಯಾಮೆರಾಕ್ಕೆ ಪೆಂಟಾಕ್ಸ್‌ನದೇ ಲೆನ್ಸು ಬೇಕೆಂದಿಲ್ಲ, ರಿಕೋದ ರಿಕೆನಾನ್ 50 ಎಂಎಂ ಎಫ್/2 ಹಾಕಿದರೂ ನಡೆಯುತ್ತದೆ. ಅದಕ್ಕಿಂತ ಹಿಂದಿನ, ತಿರುಪಿನಂತೆ ಸುತ್ತಿ ಕೂರಿಸುವ ಎಂ42 ಲೆನ್ಸುಗಳೂ ಒಂದು ತೆಳು ಅಡಾಪ್ಟರ್ ಇದ್ದರೆ ಇದಕ್ಕೆ ಒಗ್ಗುತ್ತವೆ. ಎರಡೂ ಮೌಂಟುಗಳಲ್ಲಿ ಫಿಲ್ಮಿಗೆ ಇರುವ ದೂರ ಒಂದೇ, 45.46 ಮಿಲಿಮೀಟರ್. ಹಾಗಾಗಿ ದೂರದ ಬೆಟ್ಟವೂ ಸ್ಪಷ್ಟವಾಗಿ ಫೋಕಸ್ ಆಗುತ್ತದೆ. ಬೆಳಕಿನ ಕಿಂಡಿಯಾದ ಅಪರ್ಚರನ್ನು ಮಾತ್ರ ಕೈಯಲ್ಲೇ ತೆರೆದು ಮುಚ್ಚಬೇಕು.

ನಮ್ಮ ಪತ್ರಿಕಾ ಛಾಯಾಗ್ರಾಹಕರ ಹೆಗಲಲ್ಲಿ ಹಿಂದೆ ತೂಗುತ್ತಿದ್ದ ನಿಕಾನ್ ಎಫ್‌ಎಂ2 ಈಗ ಮೊಮ್ಮಕ್ಕಳ ಕೈಗೆ ಬಂದಿದೆ. ನಿಕಾನ್ ತನ್ನ ಎಫ್ ಮೌಂಟನ್ನು 1959ರಿಂದ ಕೈಬಿಡದೆ ಉಳಿಸಿಕೊಂಡು ಬಂದಿರುವುದರಿಂದ ಯಾವ ನಿಕಾನ್ ಲೆನ್ಸಾದರೂ ಆದೀತು ಎಂದು ಅಂಗಡಿಯವರು ಹೇಳುವುದುಂಟು. ಅದು ಅರ್ಧ ಸತ್ಯ. 1977ಕ್ಕಿಂತ ಹಿಂದಿನ, ಅಪರ್ಚರ್ ಬಳೆಯ ಸ್ಥಾನವನ್ನು ಕ್ಯಾಮೆರಾಕ್ಕೆ ತಿಳಿಸುವ ಎಐ ಪದ್ಧತಿಗೆ ಮಾರ್ಪಡಿಸದ ಲೆನ್ಸನ್ನು ಎಫ್‌ಎಂ2ಕ್ಕೆ ತುರುಕಿದರೆ ಮೌಂಟಿನ ಸುತ್ತ ಇರುವ ಪುಟ್ಟ ಕೊಂಡಿ ಮುರಿಯಬಹುದು. ಇನ್ನೊಂದು ತುದಿಯಲ್ಲಿ, ಹೆಸರಿನ ಕೊನೆಗೆ 'ಜಿ' ಇರುವ ಡಿಜಿಟಲ್ ಕಾಲದ ಲೆನ್ಸುಗಳಿಗೆ ಅಪರ್ಚರ್ ಬಳೆಯೇ ಇಲ್ಲ. ಇವು ಮೋಸಗಾರ ಲೆನ್ಸುಗಳು: ವ್ಯೂಫೈಂಡರಿನಲ್ಲಿ ಎಲ್ಲ ಬೆಳ್ಳಗೆ ಕಾಣುತ್ತದೆ, ಕ್ಲಿಕ್ಕಿಸುವ ಕ್ಷಣದಲ್ಲಿ ಕಿಂಡಿ ಅತಿ ಕಿರಿದಾಗಿಬಿಡುತ್ತದೆ, ಫಿಲ್ಮ್ ತೊಳೆದ ಮೇಲೆ ಸಿಗುವುದು ಕತ್ತಲು. ಬಳೆ ಇರುವ 50 ಎಂಎಂ ಎಫ್/1.8ಡಿ ಮಾತ್ರ ಎರಡೂ ಕಾಲಕ್ಕೆ ಸಲ್ಲುತ್ತದೆ. ಡಿಎಸ್‌ಎಲ್‌ಆರ್ ಬಿಟ್ಟವರು ಮಾರುತ್ತಿರುವುದರಿಂದ ಸುಲಭವಾಗಿ ಸಿಗುತ್ತದೆ.

ಸೋವಿಯತ್ ಒಕ್ಕೂಟದ ಝೆನಿಟ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಹೀಲಿಯೋಸ್ 44-2ರ ಕಥೆ ಬೇರೆ. ಜರ್ಮನಿಯ ಕಾರ್ಲ್ ಝೈಸ್‌ನ ಬಯೋಟಾರ್ ಲೆನ್ಸಿನ ವಿನ್ಯಾಸವನ್ನೇ ಎತ್ತಿಕೊಂಡು ಮಾಡಿದ 58 ಎಂಎಂ ಎಫ್/2 ಇದು. ಹಿನ್ನೆಲೆಯ ಎಲೆಗಳನ್ನು ಸುಳಿಯಂತೆ ತಿರುಗಿಸುವ ಇದರ ದೋಷವೇ ಈಗ ಫ್ಯಾಷನ್. ಲಕ್ಷಗಟ್ಟಲೆ ತಯಾರಾದ ಈ ಲೆನ್ಸನ್ನು 'ಅಪರೂಪದ್ದು' ಎಂದು ಮಾರುವವರ ಮಾತಿಗೆ ಕಿವಿಗೊಡುವುದು ಬೇಡ.

ಮೌಂಟು ಗೊತ್ತಾದ ಮೇಲೆ ಉಳಿಯುವುದು ಪರೀಕ್ಷೆ. ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದೆ ಹಿಡಿದು ಮುಂದಿನಿಂದ ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣ, ಮುಂದಿನ ಗಾಜಿನ ಮೇಲೊಂದು ಸಣ್ಣ ಗೀರು ಚಿತ್ರವನ್ನು ಕೆಡಿಸುವುದಿಲ್ಲ; ಚೌಕಾಸಿಗೆ ಮಾತ್ರ ಒದಗುತ್ತವೆ. ಹಿಂದಿನ ಗಾಜಿನ ಗೀರು ಕೆಟ್ಟದ್ದು. ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಮಾಮೂಲು. ಅದು ಒಸರುವ ಆಮ್ಲ ಗಾಜಿನ ಲೇಪನವನ್ನು ಕೊರೆದಿದ್ದರೆ ಎಷ್ಟು ಒರೆಸಿದರೂ ಗುರುತು ಹೋಗದು. 'ಒರಿಜಿನಲ್ ಲೆದರ್ ಕೇಸ್ ಇದೆ ಸಾರ್' ಎಂದು ಮಾರುವವರು ಹೆಮ್ಮೆಯಿಂದ ತೋರಿಸಿದರೆ ಇನ್ನಷ್ಟು ಹುಷಾರಾಗಬೇಕು. ತೇವ ಹೀರಿ ಹಿಡಿದಿಡುವ ಚರ್ಮದ ಚೀಲ ಫಂಗಸ್ಸಿಗೆ ತವರುಮನೆ.

ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ ಹರಿದಿದೆಯೇ ಎಂದು ನೋಡುವುದು ಸುಲಭ. ಫಿಲ್ಮ್ ಇಲ್ಲದ ಕ್ಯಾಮೆರಾಕ್ಕೆ ಲೆನ್ಸ್ ಹಾಕಿ, ಹಿಂಬಾಗಿಲು ತೆಗೆದು, ಶಟರನ್ನು 'ಬಿ'ಗೆ, ಅಪರ್ಚರನ್ನು 16ಕ್ಕೆ ಇಟ್ಟು ಒತ್ತಿ ಹಿಡಿಯಬೇಕು. ಬ್ಲೇಡುಗಳು ಚಟ್ಟನೆ ಮುಚ್ಚಿಕೊಂಡರೆ ಸರಿ. ತೂಕಡಿಸುತ್ತ ಬಂದರೆ ರಿಪೇರಿ ಖರ್ಚನ್ನೂ ದರಕ್ಕೆ ಸೇರಿಸಿ ಯೋಚಿಸಬೇಕು.

ಕೆಲವು ದೋಷಗಳು ಮಾತ್ರ ಕೊಳ್ಳುವವರಿಗೆ ಲಾಭ. ಪೆಂಟಾಕ್ಸ್‌ನ ಕೆಲವು ಹಳೇ 50 ಎಂಎಂ ಎಫ್/1.4 ಟಾಕುಮಾರ್‌ಗಳ ಗಾಜಿನಲ್ಲಿ ಥೋರಿಯಂ ಬೆರೆಸಿದ್ದರು. ಅದರ ವಿಕಿರಣದಿಂದ ಗಾಜು ಕಾಲಾಂತರದಲ್ಲಿ ಹಳದಿಗೆ ತಿರುಗುತ್ತದೆ. ಗೊತ್ತಿಲ್ಲದವರು ಕೆಟ್ಟಿದೆ ಎಂದು ಕಡಿಮೆ ದರಕ್ಕೆ ಬಿಟ್ಟುಕೊಡುತ್ತಾರೆ. ಕೆಲವು ವಾರ ಬಿಸಿಲು ಕಾಣಿಸಿದರೆ ಅಥವಾ ಅಲ್ಟ್ರಾವಯೊಲೆಟ್ ದೀಪದಡಿ ಇಟ್ಟರೆ ಬಣ್ಣ ಬಹುಪಾಲು ಇಳಿಯುತ್ತದೆ. ಕಪ್ಪು-ಬಿಳುಪು ಫಿಲ್ಮ್ ಹಾಕುವವರು ಅಷ್ಟು ತಾಪತ್ರಯವನ್ನೂ ಪಡಬೇಕಿಲ್ಲ. ಆಕಾಶವನ್ನು ತುಸು ಗಾಢಗೊಳಿಸಿ ಮೋಡಗಳನ್ನು ಎತ್ತಿತೋರಿಸಲು ಹಳದಿ ಫಿಲ್ಟರನ್ನು ದುಡ್ಡು ಕೊಟ್ಟು ಕೊಳ್ಳುವವರು ಅವರೇ.