ನಿಂತ ಗಾಡಿಗೆ ಮೊದಲೇ ಕಿಕ್ ಹೊಡೆಯಬೇಡಿ

ಮೈಸೂರು, ಮಂಡ್ಯ, ಹಾಸನದ ಕಡೆಯ ಹಳೆಯ ಮನೆಗಳಲ್ಲಿ, ಹಿತ್ತಲ ಶೆಡ್ಡಿನಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಗೋಣಿಚೀಲ ಹೊದ್ದು ನಿಂತ ಜಾವಾ ಅಥವಾ ಯೆಜ್ಡಿ ಸಿಗುವುದು ಅಪರೂಪವೇನಲ್ಲ. ಓಡಿಸುತ್ತಿದ್ದ ಯಜಮಾನರು ತೀರಿಕೊಂಡಿರುತ್ತಾರೆ, ಇಲ್ಲವೇ ಮಕ್ಕಳು ಹೊಸ ಗಾಡಿ ತಂದಿರುತ್ತಾರೆ. ಮಾರಲು ಯಾರಿಗೂ ಮನಸ್ಸಿಲ್ಲ, ಓಡಿಸಲು ಯಾರಿಗೂ ಪುರುಸೊತ್ತಿಲ್ಲ. ಹತ್ತು ಹದಿನೈದು ವರ್ಷ ಹಾಗೇ ಕಳೆದ ಮೇಲೆ ಒಂದು ದಿನ ಮೊಮ್ಮಗನೊಬ್ಬ ಗೋಣಿ ಸರಿಸಿ, ಧೂಳು ಒರೆಸಿ, ಮಾಡುವ ಮೊದಲ ಕೆಲಸವೇ ಕಿಕ್ ಹೊಡೆಯುವುದು. ಅಷ್ಟು ವರ್ಷ ನಿಂತರೂ ಆಗದ ಹಾನಿ ಆ ಒಂದು ಕಿಕ್ಕಿನಲ್ಲಿ ಆಗಿಬಿಡಬಹುದು.

ಇಂಥ ಗಾಡಿಗಳನ್ನು ಮತ್ತೆ ರಸ್ತೆಗೆ ಇಳಿಸುವುದನ್ನೇ ಕಸುಬು ಮಾಡಿಕೊಂಡ ಮೆಕ್ಯಾನಿಕ್‌ಗಳು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಈ ಕಸುಬು ನಮ್ಮಲ್ಲಿ ಬೇರೂರಲು ಕಾರಣ ಮೈಸೂರಿನ ಯಾದವಗಿರಿಯಲ್ಲಿದ್ದ ಕಾರ್ಖಾನೆ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿಗೆ ಬಂತು. ಜಯಚಾಮರಾಜ ಒಡೆಯರ ಬೆಂಬಲವೂ ಅದಕ್ಕಿತ್ತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸಿನಲ್ಲಿ 250 ಸಿಸಿಯ ಟೂ ಸ್ಟ್ರೋಕ್ ಗಾಡಿ ಇಲ್ಲಿ ತಯಾರಾಯಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ರೋಡ್‌ಕಿಂಗ್, ಕ್ಲಾಸಿಕ್, ಮೊನಾರ್ಕ್ ಎಂದು ಒಂದೊಂದಾಗಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಎಂಜಿನ್ನಿನ ಸಾಮಾನು ಅಜ್ಜನ ಗಾಡಿಗೆ ಕೂರುವುದಿಲ್ಲ. ಹೀಗಾಗಿ ಹಳೆಯ ಎಂಜಿನ್ನಿನ ವಿದ್ಯೆ ಇವತ್ತು ಉಳಿದಿರುವುದು ಗ್ಯಾರೇಜುಗಳಲ್ಲಿ.

ಕಿಕ್ ಹೊಡೆದರೆ ಆಗುವುದೇನು? ಈ ಎಂಜಿನ್ನಿನ ಸಿಲಿಂಡರ್ ಬೀಡುಕಬ್ಬಿಣದ್ದು, ಪಿಸ್ಟನ್ ಅಲ್ಯುಮಿನಿಯಂ. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ; ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಎಂಜಿನ್ ನಿಂತಾಗ ಹೆಚ್ಚಿನ ಸಲ ಒಂದಲ್ಲ ಒಂದು ಕಿಂಡಿ ತೆರೆದಿರುತ್ತದೆ. ಮಳೆಗಾಲ ಮಳೆಗಾಲವೂ ಸೈಲೆನ್ಸರಿನಿಂದ, ಕಾರ್ಬೊರೇಟರಿನಿಂದ ತೇವ ಒಳಗೆ ಹೋಗುತ್ತದೆ. ಬೋರಿಗೆ ತುಕ್ಕು ಹಿಡಿಯುತ್ತದೆ, ಹಳೆಯ ಆಯಿಲ್ ಅಂಟಾಗುತ್ತದೆ, ರಿಂಗುಗಳು ಅಲ್ಲೇ ಕಚ್ಚಿಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಬಲ ಹಾಕಿದರೆ ರಿಂಗ್ ಮುರಿಯುತ್ತದೆ. ಮುರಿದ ಚೂರು ಕಿಂಡಿಗೆ ಸಿಕ್ಕಿ ಬೋರನ್ನು ಉದ್ದಕ್ಕೂ ಗೀರುತ್ತದೆ. ತೊಳೆದು ಒರೆಸಿದ್ದರೆ ಉಳಿಯುತ್ತಿದ್ದ ಸಿಲಿಂಡರನ್ನು ಆಮೇಲೆ ಲೇತಿಗೆ ಒಯ್ದು ರೀಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹುಡುಕಬೇಕಾಗುತ್ತದೆ.

ಬಲ್ಲವರು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟು ನೋಡುತ್ತಾರೆ. ಆ ತೂತಿನಿಂದ ಡೀಸೆಲ್ ಬೆರೆಸಿದ ತೆಳು ಆಯಿಲನ್ನು ಒಳಗೆ ಸುರಿದು, ಬಾಯಿಗೆ ಬಟ್ಟೆ ತುರುಕಿ ಬಿಟ್ಟುಬಿಡುತ್ತಾರೆ. ಮಾರನೆಯ ದಿನ ಮತ್ತಷ್ಟು ಹಾಕುತ್ತಾರೆ. ಕೆಲವು ಗಾಡಿ ಎರಡು ದಿನಕ್ಕೆ ಸಡಿಲವಾದರೆ ಕೆಲವಕ್ಕೆ ವಾರ ಹಿಡಿಯುತ್ತದೆ. ಆಮೇಲೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುತ್ತಾರೆ. ಟಾಪ್ ಗೇರಿನಲ್ಲಿ ಚಕ್ರದಿಂದ ಎಂಜಿನ್ ತಿರುಗಿಸಲು ಕಡಿಮೆ ಬಲ ಸಾಕು. ಪಿಸ್ಟನ್ ಕೂದಲೆಳೆಯಷ್ಟು ಜರುಗಿದರೂ ಕೈಗೆ ಗೊತ್ತಾಗುತ್ತದೆ. ಜರುಗಿತೆಂದು ತಿರುಗಿಸಲು ಹೋಗುವುದಿಲ್ಲ. ಮತ್ತೆ ಆಯಿಲ್ ಹಾಕಿ ಮತ್ತೆ ಬಿಡುತ್ತಾರೆ. ಈ ಕಸುಬಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಈ ತಾಳ್ಮೆಯನ್ನು.

ಪಿಸ್ಟನ್ ಬಿಟ್ಟುಕೊಂಡಿತು ಎಂದಾಕ್ಷಣ ಮಾಲೀಕರಿಗೆ ಸ್ಟಾರ್ಟ್ ಮಾಡುವ ಆತುರ ಶುರುವಾಗುತ್ತದೆ. ಮೈಸೂರಿನ ಗ್ಯಾರೇಜೊಂದರಲ್ಲಿ ಹೀಗೊಂದು ಮಾತುಕತೆ ಕೇಳಿದ್ದೆ.

“ಅಣ್ಣಾ, ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ್ವಾ?”

“ಬೇಡ ಕಣಪ್ಪಾ. ಇವತ್ತು ಸ್ಟಾರ್ಟ್ ಆಗುತ್ತೆ. ನಾಳೆ ಶ್ರೀರಂಗಪಟ್ಣ ದಾಟೋ ಹೊತ್ಗೆ ಹಿಡ್ಕೊಳುತ್ತೆ. ಸೀಲ್ ನೋಡದೆ ನಾನು ಗಾಡಿ ಕೊಡಲ್ಲ.”

ಆ ಮೆಕ್ಯಾನಿಕ್ ಹೇಳಿದ್ದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲಿನ ಮಾತು. ನಿಂತ ಟೂ ಸ್ಟ್ರೋಕ್ ಗಾಡಿಯ ನಿಜವಾದ ಕಾಯಿಲೆ ಇರುವುದು ಅಲ್ಲೇ. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ನೇರವಾಗಿ ಸಿಲಿಂಡರಿನ ಮೇಲ್ಭಾಗಕ್ಕೆ ಹೋಗುವುದಿಲ್ಲ. ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಪಿಸ್ಟನ್ ಇಳಿದಾಗ ಅದರ ಒತ್ತಡದಿಂದ ಮೇಲಕ್ಕೆ ನುಗ್ಗುತ್ತದೆ. ಆದ್ದರಿಂದ ಕ್ರ್ಯಾಂಕ್‌ಕೇಸಿನಲ್ಲಿ ಎಲ್ಲೂ ಗಾಳಿ ಸೋರಬಾರದು. ಆ ಬಿಗಿಯನ್ನು ಕಾಯುವುದು ಎರಡು ರಬ್ಬರ್ ಸೀಲುಗಳು. ಓಡುವ ಗಾಡಿಯಲ್ಲಿ ಅವು ಸದಾ ಆಯಿಲಿನಲ್ಲಿ ನೆನೆದು ಮೆತ್ತಗಿರುತ್ತವೆ. ವರ್ಷಗಟ್ಟಲೆ ನಿಂತರೆ ಒಣಗಿ ಗಡುಸಾಗಿ ತುಟಿ ಬಿರಿಯುತ್ತವೆ.

ಡೈನಮೊ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ; ಪೆಟ್ರೋಲಿನ ಜೊತೆಗೇ ಬರಬೇಕಾದ ಟೂ-ಟಿ ಆಯಿಲ್ ಕೂಡ ಕಡಿಮೆಯಾಗುತ್ತದೆ. ಎಂಜಿನ್ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಸದ್ದು ಇಳಿಯುವುದಿಲ್ಲ, ಕೊನೆಗೆ ಓಡುತ್ತಿರುವಾಗಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸಿನ ಆಯಿಲನ್ನೇ ಎಂಜಿನ್ ಎಳೆದು ಸುಡುತ್ತದೆ. ಬೀದಿ ತುಂಬ ಬಿಳಿ ಹೊಗೆ ಏಳುತ್ತದೆ, ಪ್ಲಗ್ ಪದೇ ಪದೇ ಒದ್ದೆಯಾಗುತ್ತದೆ. ಇದನ್ನು ಕಂಡು ಕಾರ್ಬೊರೇಟರ್ ಸರಿಯಿಲ್ಲವೆಂದು ವಾರಗಟ್ಟಲೆ ಜೆಟ್ ಬದಲಿಸುವವರಿದ್ದಾರೆ. ಸೀಲಿನ ಬೆಲೆ ಹೆಚ್ಚೇನಿಲ್ಲ, ಅಲ್ಲಿಗೆ ತಲುಪುವುದೇ ದೊಡ್ಡ ಕೆಲಸ. ಬಹಳ ವರ್ಷ ನಿಂತ ಗಾಡಿಯಾದರೆ ಎಂಜಿನ್ ಇಳಿಸಿ ಸೀಲು, ಬೇರಿಂಗು, ಪ್ಯಾಕಿಂಗು ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಒಳ್ಳೆಯದು.

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರೆ ಸಾಕು, ಗಾಡಿ ಎಷ್ಟು ಕಾಲ ನಿಂತಿದೆಯೆಂದು ಅಂದಾಜಾಗುತ್ತದೆ. ಹಳಸಿದ ಪೆಟ್ರೋಲಿಗೆ ವಾರ್ನಿಶಿನ ಹುಳಿ ವಾಸನೆ ಇರುತ್ತದೆ. ಅದೇ ಕಾರ್ಬೊರೇಟರಿನ ಒಳಗೆ ಕಂದು ಮೇಣದಂತೆ ಕಟ್ಟಿ ಸಣ್ಣ ಜೆಟ್ಟಿನ ಕಣ್ಣು ಮುಚ್ಚಿರುತ್ತದೆ. ಜೆಟ್ಟನ್ನು ತಂತಿಯಿಂದ ಚುಚ್ಚಬಾರದು, ಕಣ್ಣು ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಬೇಕು. ಟ್ಯಾಂಕಿನ ತುಕ್ಕಿಗೆ ಹಿಡಿಯಷ್ಟು ನಟ್ಟು ಹಾಕಿ ಕುಲುಕುವುದು ಹಳೆಯ ಉಪಾಯ. ವಿನೆಗರ್ ತುಂಬಿಸಿಟ್ಟು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಆಯಿಲ್ ಸವರಿದರೆ ಇನ್ನೂ ಚೊಕ್ಕಟ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಇನ್ನೊಂದು ಎಚ್ಚರ ಬೇಕು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆ ಕಾಲದ ಪೈಪು, ಪೆಟ್ರೋಲ್ ಕಾಕಿನ ವಾಷರು ಇದಕ್ಕೆಂದು ಮಾಡಿದವಲ್ಲ. ಅವನ್ನೆಲ್ಲ ಹೊಸದಾಗಿ ಹಾಕಬೇಕು, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಬೇಕು.

ಕರೆಂಟಿನ ಭಾಗ ಸರಳ. ಇಲಿ ಕಡಿದ ವೈರ್ ಬದಲಿಸಿ, ಪಾಯಿಂಟಿನ ಮೇಲೆ ಕಟ್ಟಿದ ಕಿಲುಬನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಕಿಡಿ ಬಂದೇಬಿಡುತ್ತದೆ. ಹಳೆಯ ಜಾವಾದ ಕಿಡಿ ಬ್ಯಾಟರಿಯಿಂದ ಬರುವುದರಿಂದ ಚಾರ್ಜ್ ಇರುವ 6 ವೋಲ್ಟಿನ ಬ್ಯಾಟರಿ ಇರಲೇಬೇಕು. ಸೈಲೆನ್ಸರಿನೊಳಗೆ ಕಡಜ ಮಣ್ಣಿನ ಗೂಡು ಕಟ್ಟಿದೆಯೇ ಎಂದು ಕಡ್ಡಿ ಹಾಕಿ ನೋಡಿ. ಅಂಟಿಕೊಂಡ ಕ್ಲಚ್ ಪ್ಲೇಟುಗಳನ್ನು ಬಿಡಿಸಿ. ಟೈರು, ಟ್ಯೂಬು, ಬ್ರೇಕ್ ಲೈನಿಂಗ್ ವಿಷಯದಲ್ಲಿ ಚೌಕಾಸಿ ಬೇಡ, ನೋಡಲು ಚೆನ್ನಾಗಿದ್ದರೂ ಹೊಸದನ್ನೇ ಹಾಕಿಸಿ.

ಸಾಮಾನು ಎಲ್ಲಿ ಸಿಗುತ್ತದೆ ಎಂಬುದು ಎಲ್ಲರ ಪ್ರಶ್ನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಈಗಲೂ ಕೆಲವು ಸಿಗುತ್ತವೆ, ಉಳಿದದ್ದು ಗುಜರಿಯಲ್ಲಿ, ಅದೂ ಇಲ್ಲದಿದ್ದರೆ ಲೇತಿನಲ್ಲಿ. ಪ್ರತಿವರ್ಷ ಜುಲೈನ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಹಳೆಯ ಗಾಡಿಗಳೆಲ್ಲ ಒಂದೆಡೆ ಸೇರುತ್ತವೆ. ಯಾವ ಊರಿನ ಯಾವ ಮೆಕ್ಯಾನಿಕ್ ನಂಬಿಕಸ್ಥ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕಾಗದಪತ್ರವನ್ನು ಗ್ಯಾರೇಜಿಗೆ ಹೋಗುವ ಮೊದಲೇ ಹುಡುಕಿಕೊಳ್ಳಿ. ಆರ್.ಸಿ. ಅಜ್ಜನ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಬೇಕು. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 50 ವರ್ಷ ಮೀರಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಇದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಫೀಸಿಗೋ ತೋಟಕ್ಕೋ ಓಡಿಸುವ ಆಸೆಯಿದ್ದವರು ಮಾಮೂಲಿ ಆರ್.ಸಿ.ಯನ್ನೇ ನವೀಕರಿಸಿಕೊಳ್ಳಲಿ.

ಬಣ್ಣ, ಕ್ರೋಮ್ ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಅದರಿಂದಲೇ ಶುರುಮಾಡುತ್ತಾರೆ, ಎಂಜಿನ್ನಿಗೆ ಬರುವಾಗ ಹಣ ಮುಗಿದಿರುತ್ತದೆ. ಕಾರ್ಖಾನೆಯ ಮರೂನ್ ಬಣ್ಣ ಮಾಸಿದ್ದರೂ ಉಳಿದಿದ್ದರೆ ನಾನಂತೂ ಅದನ್ನು ಕೆರೆಯಬೇಡಿ ಎನ್ನುತ್ತೇನೆ. ಹೊಸ ಬಣ್ಣ ಯಾವಾಗ ಬೇಕಾದರೂ ಬಳಿಸಬಹುದು, ಯಾದವಗಿರಿಯಲ್ಲಿ ಬಳಿದದ್ದು ಮತ್ತೆ ಸಿಗುವುದಿಲ್ಲ.

ಎಲ್ಲ ಮುಗಿದ ಮೇಲೆ ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿ ಟೂ-ಟಿ ಆಯಿಲ್ ಬೆರೆಸಿ ಕಿಕ್ ಹೊಡೆಯಿರಿ. ಬೋರಿಗೆ ಹಾಕಿದ್ದ ಆಯಿಲ್ ಸುಟ್ಟು ಮೊದಲ ಕೆಲವು ನಿಮಿಷ ದಟ್ಟ ಹೊಗೆ ಬರುತ್ತದೆ, ಗಾಬರಿ ಬೇಡ. ರೈಸ್ ಮಾಡದೆ ಸ್ವಲ್ಪ ಹೊತ್ತು ಓಡಲು ಬಿಟ್ಟು ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಶುರುಮಾಡಿ. ಮನೆ ಸುತ್ತ ಒಂದು ಸುತ್ತು ಹೋಗಿಬಂದು ಪ್ಲಗ್ ಬಿಚ್ಚಿ ನೋಡಿ. ತುದಿ ಕಂದಾಗಿದ್ದರೆ ಸರಿ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಅದನ್ನು ಹುಡುಕದೆ ಊರು ದಾಟಬೇಡಿ. ಎಂಜಿನ್ ಪೂರ್ತಿ ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.