ನಟನಾ ತರಗತಿ, ಏಜೆನ್ಸಿ: ಹಣ ಕೊಡುವ ಮುನ್ನ
ದೊಡ್ಡಬಳ್ಳಾಪುರ, ನೆಲಮಂಗಲದ ಯುವಕರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆ ಸಮೀಪದಲ್ಲಿಯೇ ಇದೆ. ಆದರೆ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿಯವರಂಥ ಛಾಯಾಗ್ರಾಹಕರ ಪರಂಪರೆಯ ಈ ಸಂಸ್ಥೆ ಹೆಸರಾದದ್ದು ತಾಂತ್ರಿಕ ಶಿಕ್ಷಣಕ್ಕೆ. ನಟನೆಗಾಗಿ ಖಾಸಗಿ ತರಗತಿಗಳನ್ನೋ ರಂಗತಂಡಗಳನ್ನೋ ಅರಸಬೇಕು. ಅಚ್ಯುತ್ ಕುಮಾರ್, ಸತೀಶ್ ಇಬ್ಬರೂ ಹೆಗ್ಗೋಡಿನ ನೀನಾಸಂನಲ್ಲಿ ಕಲಿತವರು. ಸಂಚಾರಿ ವಿಜಯ್ ಅವರ ಹೆಸರಿನಲ್ಲಿಯೇ ರಂಗತಂಡವಿತ್ತು. ರಂಗದ ಎತ್ತರದ ದನಿಯನ್ನು ಕ್ಯಾಮೆರಾದೆದುರು ತಗ್ಗಿಸುವುದನ್ನು ಕಲಿಸದ ತರಗತಿಗೆ ಶುಲ್ಕ ತೆರುವುದು ವ್ಯರ್ಥ.

ಇನ್ನು ಏಜೆನ್ಸಿಯ ಮಾತು. ಕನ್ನಡದಲ್ಲಿ ಪಾತ್ರಗಳು ಬಹುಮಟ್ಟಿಗೆ ಸಹನಿರ್ದೇಶಕರ ಮೂಲಕ, ಪರಿಚಯದ ಮೂಲಕ ದೊರೆಯುತ್ತವೆ. ನಿಜವಾದ ಪ್ರತಿನಿಧಿಯ ಗಳಿಕೆ ನಟನಿಗೆ ಬಂದ ಸಂಭಾವನೆಯಲ್ಲಿನ ಕಮಿಷನ್ ಮಾತ್ರ. ಪಾತ್ರ ಸಿಗುವ ಮೊದಲೇ ನೋಂದಣಿ ಶುಲ್ಕ, 'ಪೋರ್ಟ್‌ಫೋಲಿಯೊ' ವೆಚ್ಚ ಕೇಳುವವರಿಂದ ದೂರವಿರಬೇಕು. ಭಾವಚಿತ್ರಗಳನ್ನು ಊರಿನ ಸ್ಟುಡಿಯೊದಲ್ಲಿಯೇ ತೆಗೆಸಬಹುದು. ಸಹಿಗೆ ಮುನ್ನ ಒಪ್ಪಂದದ ಅವಧಿ, ಕಮಿಷನ್ ಪ್ರಮಾಣ, ಹೊರಬರುವ ಷರತ್ತುಗಳನ್ನು ಓದಿಕೊಳ್ಳಬೇಕು.